ಕೀವರ್ಡ್ ಹುಡುಕಲು ದುಡ್ಡಿನ ಟೂಲ್ ಬೇಕಾ? ನನ್ನ ಓಟು ಸರ್ಚ್ ಕನ್ಸೋಲ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಅಫಿಲಿಯೇಟ್ ಸೈಟ್ (ಕೊಳ್ಳುವ ಲಿಂಕ್ ಕೊಟ್ಟು, ಮಾರಾಟವಾದರೆ ಕಮಿಷನ್ ಪಡೆಯುವ ಸೈಟ್) ನಡೆಸುವವರಿಗೆ ಕೀವರ್ಡ್, ಅಂದರೆ ಜನ ಗೂಗಲ್‌ನಲ್ಲಿ ಟೈಪ್ ಮಾಡುವ ಮಾತು, ಹುಡುಕಲು ಗೂಗಲ್‌ನ ಸರ್ಚ್ ಕನ್ಸೋಲ್ ಸಾಕು. ನಮ್ಮ ಸೈಟ್ ಯಾವ ಹುಡುಕಾಟಕ್ಕೆ ಗೂಗಲ್‌ನಲ್ಲಿ ಕಂಡಿತು ಎಂದು ತೋರಿಸುವ ಪುಕ್ಕಟೆ ಟೂಲ್ ಅದು. ತಿಂಗಳು ತಿಂಗಳು ಡಾಲರ್‌ನಲ್ಲಿ ದುಡ್ಡು ಕೇಳುವ ಒಂದು ಟೂಲ್, ಗೂಗಲ್ ಕೀವರ್ಡ್ ಪ್ಲ್ಯಾನರ್, ಗೂಗಲ್ ಟ್ರೆಂಡ್ಸ್ ಎಲ್ಲವನ್ನೂ ಬಳಸಿ ನೋಡಿದ್ದೇನೆ. ದುಡ್ಡಿನದನ್ನು ನಿಲ್ಲಿಸಿದ್ದೇನೆ.

ನನ್ನ ಸೈಟ್ ನೀರಿನ ಫಿಲ್ಟರ್‌ಗಳ ಬಗ್ಗೆ. ಹುಬ್ಬಳ್ಳಿಯಲ್ಲಿ ಕೂತು ಬರೆಯುತ್ತೇನೆ. ಓದುವವರಲ್ಲಿ ಗದಗ, ರೋಣ, ಮುಂಡರಗಿ ಕಡೆಯವರು ಜಾಸ್ತಿ. ಆ ಕಡೆ ಬಹಳ ಊರುಗಳಲ್ಲಿ ಬೋರ್ ನೀರು ಸವಳು, ಕೆಲವು ಕಡೆ ಫ್ಲೋರೈಡ್ ಬೇರೆ. ಹಾಗಾಗಿ ಅವರು ಸುಮ್ನೆ ‘ಬೆಸ್ಟ್ ವಾಟರ್ ಪ್ಯೂರಿಫೈಯರ್’ ಅಂತ ಹುಡುಕುವುದಿಲ್ಲ. ‘ಸವಳು ನೀರಿಗೆ ಯಾವ ಫಿಲ್ಟರ್’, ‘ಟಿಡಿಎಸ್ 1500 ಇದ್ದರೆ ಆರ್‌ಒ ಬೇಕಾ’ ಅಂತ ಹುಡುಕುತ್ತಾರೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳ ಅಳತೆ. ಆರ್‌ಒ ಅಂದರೆ ಅದನ್ನು ಇಳಿಸುವ ಫಿಲ್ಟರ್. ಯುವಿ ಫಿಲ್ಟರ್ ರೋಗಾಣು ಕೊಲ್ಲುತ್ತದೆ, ನೀರಿನ ಉಪ್ಪು ಇಳಿಸುವುದಿಲ್ಲ. ಇದು ಗೊತ್ತಾಗದೆ ಯುವಿ ಕೊಂಡವರ ದುಡ್ಡು ಹೋದಂತೆಯೇ. ಅದಕ್ಕೇ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕು.

ಕೀವರ್ಡ್‌ನ ಬೆಲೆ ಇರುವುದು ಇಲ್ಲಿಯೇ. ಅಮೆಜಾನ್‌ನ ಅಫಿಲಿಯೇಟ್ ಯೋಜನೆಯಲ್ಲಿ ನಮ್ಮ ಲಿಂಕ್ ಒತ್ತಿದವರು 24 ಗಂಟೆಯೊಳಗೆ ವಸ್ತುವನ್ನು ಕಾರ್ಟ್‌ಗೆ ಹಾಕಬೇಕು. ಇಲ್ಲದಿದ್ದರೆ ಕಮಿಷನ್ ಇಲ್ಲ. ‘ಆರ್‌ಒ ಅಂದರೇನು’ ಎಂದು ಓದಲು ಬಂದವರು ಓದಿ ಹೋಗುತ್ತಾರೆ. ಟಿಡಿಎಸ್ ಅಂಕಿ ಹಿಡಿದುಕೊಂಡು ಬಂದವರು ಕೊಳ್ಳಲು ತಯಾರಾಗಿರುತ್ತಾರೆ.

ಈಗ ದುಡ್ಡಿನ ಟೂಲ್‌ನ ತೊಡಕಿಗೆ ಬರುತ್ತೇನೆ. ‘ಸವಳು ನೀರಿನ ಫಿಲ್ಟರ್’ ಎಂದು ಕನ್ನಡ ಅಕ್ಷರದಲ್ಲಿ ಕೊಟ್ಟೆ. ತಿಂಗಳ ಹುಡುಕಾಟ ಸೊನ್ನೆ ಎಂದು ತೋರಿಸಿತು. ‘ಬೋರ್ ನೀರು ಫಿಲ್ಟರ್’ಗೂ ಸೊನ್ನೆ. ಅದೇ ಹೊತ್ತಿಗೆ ನನ್ನ ಸರ್ಚ್ ಕನ್ಸೋಲ್‌ನಲ್ಲಿ ಇದೇ ಮಾತುಗಳಿಗೆ ದಿನವೂ ಇಂಪ್ರೆಶನ್ (ಹುಡುಕಿದವರಿಗೆ ನನ್ನ ಸೈಟ್ ಕಂಡ ಲೆಕ್ಕ) ಬರುತ್ತಿತ್ತು! ಟೂಲ್ ಹೇಳಿದ್ದನ್ನು ನಂಬಿದ್ದರೆ ಆ ಪುಟ ಬರೆಯುತ್ತಲೇ ಇರಲಿಲ್ಲ.

ಇನ್ನೊಂದು ಇದಕ್ಕಿಂತ ಕಿರಿಕಿರಿ. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಜಾಸ್ತಿ ಟೈಪ್ ಮಾಡುತ್ತಾರೆ, ಅಲ್ವಾ? ‘ನೀರು’ ಅನ್ನುವುದಕ್ಕೆ ಒಬ್ಬರು ಎರಡು ಇ ಹಾಕುತ್ತಾರೆ, ಇನ್ನೊಬ್ಬರು ಒಂದೇ ಐ. ‘ಸವಳು’ ಕೊನೆಯ ಯು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಟೂಲ್‌ಗೆ ಇವೆಲ್ಲ ಬೇರೆ ಬೇರೆ ಕೀವರ್ಡ್. ಚೂರು ಚೂರಾಗಿ ಒಡೆದು, ಪ್ರತಿ ಚೂರಿಗೂ ಸೊನ್ನೆ ಬರೆಯುತ್ತದೆ. ಸಹಾಯ ಕೇಳಿ ಮೇಲ್ ಹಾಕಿದೆ. ಬೇರೆ ಸ್ಪೆಲಿಂಗ್ ಹಾಕಿ ನೋಡಿ ಎಂಬ ಉತ್ತರ ಬಂತು.

ಸರ್ಚ್ ಕನ್ಸೋಲ್‌ನಲ್ಲಿ ಇದಕ್ಕೆ ದಾರಿ ಇದೆ. ಪರ್ಫಾರ್ಮೆನ್ಸ್ ರಿಪೋರ್ಟಿನ ಕ್ವೆರಿ (ಹುಡುಕಿದ ಮಾತು) ಫಿಲ್ಟರ್‌ನಲ್ಲಿ ರೆಜೆಕ್ಸ್ (ಹಲವು ಮಾತುಗಳನ್ನು ಒಟ್ಟಿಗೆ ಹಿಡಿಯುವ ಆಯ್ಕೆ) ಆರಿಸಿಕೊಳ್ಳಿ. ಎಲ್ಲ ಸ್ಪೆಲಿಂಗ್ ಬರೆದು ನಡುನಡುವೆ ಒಂದೊಂದು ನಿಂತ ಗೆರೆ (|) ಹಾಕಿ. ಕನ್ನಡ ಅಕ್ಷರದ್ದನ್ನೂ ಅದರಲ್ಲೇ ಸೇರಿಸಿ. ಎಲ್ಲದರ ಕ್ಲಿಕ್, ಇಂಪ್ರೆಶನ್ ಒಟ್ಟಿಗೆ ಕಾಣುತ್ತದೆ. 16 ತಿಂಗಳ ಲೆಕ್ಕ ಸಿಗುವುದರಿಂದ ಹೋದ ಬೇಸಿಗೆ, ಈ ಬೇಸಿಗೆ ಹೋಲಿಸಲೂಬಹುದು. ಗೂಗಲ್ ಫಲಿತಾಂಶದಲ್ಲಿ ಸರಾಸರಿ ಸ್ಥಾನ 8ರಿಂದ 20ರ ನಡುವೆ ಇದ್ದು, ಇಂಪ್ರೆಶನ್ ಇದ್ದೂ ಕ್ಲಿಕ್ ಬಾರದ ಮಾತುಗಳನ್ನು ನಾನು ಮೊದಲು ಹೆಕ್ಕುತ್ತೇನೆ. ಅದೇ ಮಾತನ್ನು ಪುಟದ ತಲೆಬರಹಕ್ಕೆ ತಂದು, ಒಳಗೆ ನೇರ ಉತ್ತರ ಬರೆಯುತ್ತೇನೆ. ಹಳೇ ಪುಟಗಳು ಮೇಲೆ ಬಂದದ್ದು ಹೀಗೆಯೇ.

ಕೀವರ್ಡ್ ಪ್ಲ್ಯಾನರ್ ಪುಕ್ಕಟೆ, ಆದರೆ ಅದು ಜಾಹೀರಾತು ಕೊಡುವವರಿಗಾಗಿ ಮಾಡಿದ್ದು. ಜಾಹೀರಾತಿಗೆ ಖರ್ಚು ಮಾಡದ ಖಾತೆಗೆ ‘100ರಿಂದ 1 ಸಾವಿರ’ ಎಂಬಂಥ ಅಗಲದ ಅಂದಾಜು ಸಿಗುತ್ತದೆ. ಅಲ್ಲಿನ ‘ಕಾಂಪಿಟಿಷನ್’ ಕಾಲಂ ಹೇಳುವುದು ಜಾಹೀರಾತಿನ ಪೈಪೋಟಿಯನ್ನು. ‘ಲೋ’ ಎಂದು ಕಂಡರೆ ನಿಮ್ಮ ಪುಟ ಸುಲಭವಾಗಿ ಮೇಲೆ ಬರುತ್ತದೆ ಎಂದಲ್ಲ.

ಟ್ರೆಂಡ್ಸ್ ಹಂಗಾಮು ನೋಡಲು ಚೆನ್ನ. ಹುಡುಕಾಟ ಏರಿದ್ದು, ಇಳಿದದ್ದನ್ನು 0ರಿಂದ 100ರ ಅಳತೆಯಲ್ಲಿ ತೋರಿಸುತ್ತದೆ, ಎಷ್ಟು ಜನ ಎಂಬ ಲೆಕ್ಕವಲ್ಲ. ಸಣ್ಣ ಮಾತುಗಳಿಗೆ ಏನೂ ತೋರಿಸುವುದಿಲ್ಲ.

ದುಡ್ಡಿನ ಟೂಲ್ ಯಾರಿಗೂ ಬೇಡ ಎನ್ನುವುದಿಲ್ಲ. ಇಂಗ್ಲಿಷ್ ಸೈಟ್ ಇದ್ದು, ಎದುರಾಳಿಗಳ ಪುಟ, ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ಅವರಿಗೆ ಬರುವ ಲಿಂಕ್) ನೋಡಬೇಕಿದ್ದರೆ ಕೊಟ್ಟ ದುಡ್ಡು ವಸೂಲಾಗುತ್ತದೆ. ನನ್ನ ಕಮಿಷನ್‌ನಲ್ಲಿ ಡೊಮೇನ್, ಹೋಸ್ಟಿಂಗ್ ಖರ್ಚು ಕಳೆದ ಮೇಲೆ ಉಳಿಯುವುದರಿಂದ ಅದರ ತಿಂಗಳ ಬಿಲ್ ಕಟ್ಟಲು ಆಗುವುದಿಲ್ಲ. ಅದೇ ದುಡ್ಡಿಗೆ ಒಂದು ಟಿಡಿಎಸ್ ಮೀಟರ್ ತಂದು, ಊರೂರಿನ ನೀರು ಅಳೆದು ಬರೆಯುವುದು ನನಗೆ ಇಷ್ಟ.

ಸರ್ಚ್ ಕನ್ಸೋಲ್‌ಗೂ ಒಂದು ಕೊರತೆ ಇದೆ. ನಿಮ್ಮ ಪುಟ ಗೂಗಲ್‌ನಲ್ಲಿ ಕಾಣಿಸಿಕೊಂಡ ಮೇಲಷ್ಟೇ ಅದು ಮಾತಾಡುತ್ತದೆ. ಹೊಸ ಸೈಟ್ ಆದರೆ ಇನ್‌ಕಾಗ್ನಿಟೊ ಕಿಟಕಿ ತೆರೆದು, ಗೂಗಲ್‌ನಲ್ಲಿ ‘ಬೋರ್ ನೀರು’ ಎಂದು ಎರಡೂ ಲಿಪಿಯಲ್ಲಿ ಟೈಪ್ ಮಾಡಿ, ಕೆಳಗೆ ಇಳಿಯುವ ಸಲಹೆಗಳನ್ನು ಬರೆದಿಟ್ಟುಕೊಳ್ಳಿ. ಜೊತೆಗೆ ಫಿಲ್ಟರ್ ರಿಪೇರಿ ಮಾಡುವವರನ್ನು ಮಾತಾಡಿಸಿ. ಗಿರಾಕಿ ಫೋನಿನಲ್ಲಿ ಏನು ಕೇಳುತ್ತಾರೋ, ಅದನ್ನೇ ಗೂಗಲ್‌ನಲ್ಲೂ ಕೇಳುತ್ತಾರೆ.