ಬೆಳಕು ಕುಗ್ಗುವುದನ್ನು ನೋಡಬೇಕಾ, ನಕ್ಷತ್ರ ಓಲಾಡುವುದನ್ನಾ?

ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ಭೂಮಿಯಂಥ ಗ್ರಹ ಹುಡುಕಲು ಟ್ರಾನ್ಸಿಟ್ ವಿಧಾನ ಒಳ್ಳೆಯದಾ, ರೇಡಿಯಲ್ ವೆಲಾಸಿಟಿಯಾ ಅಂತ ಕೇಳಿದ್ದೀರಿ. ಎರಡರಲ್ಲೂ ಗ್ರಹ ಕಣ್ಣಿಗೆ ಬೀಳುವುದಿಲ್ಲ, ನಕ್ಷತ್ರವನ್ನೇ ನೋಡಬೇಕು. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಕುಗ್ಗುವುದನ್ನು ಅಳೆಯುವುದು ಟ್ರಾನ್ಸಿಟ್; ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡುವ ವೇಗ ಅಳೆಯುವುದು ರೇಡಿಯಲ್ ವೆಲಾಸಿಟಿ.

ಖರ್ಚಿನಲ್ಲಿ ಟ್ರಾನ್ಸಿಟ್ ಸಲೀಸು. ನಾಸಾದ ಬಾಹ್ಯಾಕಾಶ ದೂರದರ್ಶಕ ‘ಟೆಸ್’ನ ಡೇಟಾ ಉಚಿತ, ಲ್ಯಾಪ್‌ಟಾಪ್ ಸಾಕು. ರೇಡಿಯಲ್ ವೆಲಾಸಿಟಿಗೆ ಒಳ್ಳೆಯ ಸ್ಪೆಕ್ಟ್ರೋಗ್ರಾಫ್ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಉಪಕರಣ) ಬೇಕು. ನಮ್ಮಲ್ಲಿ ಮೌಂಟ್ ಅಬುವಿನಲ್ಲಿ ‘ಪಾರಸ್’ ಎಂಬ ಅಂಥ ಉಪಕರಣ ಇದೆ. ಅದನ್ನು ಬಳಸುವ ತಂಡದ ಗೈಡ್ ಸಿಕ್ಕರೆ ಖಂಡಿತ ರೇಡಿಯಲ್ ವೆಲಾಸಿಟಿಯನ್ನೇ ಹಿಡಿಯಿರಿ.

ಸೂಕ್ಷ್ಮತೆ ಎರಡಕ್ಕೂ ಕಷ್ಟವೇ. ಭೂಮಿ ಅಡ್ಡ ಬಂದರೆ ಸೂರ್ಯನ ಬೆಳಕು ಕುಗ್ಗುವುದು ಬರೀ 0.008 ಶೇಕಡಾ. ಭೂಮಿಯ ಸೆಳೆತಕ್ಕೆ ಸೂರ್ಯ ಓಲಾಡುವ ವೇಗ ಸೆಕೆಂಡಿಗೆ ಸುಮಾರು 9 ಸೆಂಟಿಮೀಟರ್, ಮಗು ಅಂಬೆಗಾಲಿಡುವುದಕ್ಕಿಂತ ನಿಧಾನ! ಅದಕ್ಕೇ ಚಿಕ್ಕ ಕೆಂಪು ನಕ್ಷತ್ರಗಳನ್ನು ಆರಿಸಿಕೊಳ್ಳಿ. ಅಲ್ಲಿ ಎರಡೂ ಸಂಕೇತ ಜಾಸ್ತಿ. ಅಂಥದ್ದೇ ನಕ್ಷತ್ರ ಟ್ರಾಪಿಸ್ಟ್-1ರ ಏಳು ಗ್ರಹಗಳು ಸಿಕ್ಕಿದ್ದು ಟ್ರಾನ್ಸಿಟ್‌ನಿಂದ.

ಆದರೆ ಟ್ರಾನ್ಸಿಟ್‌ಗೆ ಕಕ್ಷೆ ನಮ್ಮ ನೋಟಕ್ಕೆ ನೇರ ಬರಬೇಕು. ಭೂಮಿ-ಸೂರ್ಯರಂಥ 200 ಜೋಡಿಗಳಲ್ಲಿ ಒಂದಕ್ಕೆ ಮಾತ್ರ ಹಾಗಾಗುತ್ತದೆ. ಓಲಾಟಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಬಿ ಗ್ರಹ 2016ರಲ್ಲಿ ಸಿಕ್ಕಿದ್ದು ಹೀಗೇ. ಹತ್ತಿರದ ಒಂದೇ ನಕ್ಷತ್ರದ ಮೇಲೆ ಆಸೆ ಇದ್ದರೆ ಇದು ಸರಿ. ಸಾವಿರಾರು ನಕ್ಷತ್ರ ಜಾಲಾಡಬೇಕಾದರೆ ಟ್ರಾನ್ಸಿಟ್.

ಟ್ರಾನ್ಸಿಟ್ ಗಾತ್ರ ಹೇಳುತ್ತದೆ, ಓಲಾಟ ಕನಿಷ್ಠ ತೂಕ ಹೇಳುತ್ತದೆ. ಗ್ರಹ ಕಲ್ಲಿನದೋ ಅನಿಲದ್ದೋ ತಿಳಿಯಲು ಎರಡೂ ಬೇಕಲ್ವಾ? ಆರು ತಿಂಗಳಷ್ಟೇ ಇದ್ದರೆ ಟ್ರಾನ್ಸಿಟ್‌ನಿಂದ ಶುರು ಮಾಡಿ. ಪಿಎಚ್‌.ಡಿ.ವರೆಗೂ ಹೋಗುವ ಮನಸ್ಸಿದ್ದರೆ ಓಲಾಟ ಕಲಿಯಿರಿ.