ವಿಂಡೋಸ್‌ನಲ್ಲಿ ಜಿಡಾಲ್ ಬೇಕೇ? ಮಿನಿಫೋರ್ಜ್ ಹಾಕಿ, ಆಮೇಲೆ ಪಿಪ್ ಮುಟ್ಟಬೇಡಿ

ಜಿಡಾಲ್ ಎಂದರೆ ನಕ್ಷೆ, ಉಪಗ್ರಹ ಚಿತ್ರಗಳ ಫೈಲು ಓದಿ ಬರೆಯುವ ಲೈಬ್ರರಿ; ಪಿಪ್ ಎಂದರೆ ಪೈಥಾನ್‌ಗೆ ಪ್ಯಾಕೇಜ್ ಹಾಕುವ ಸಾಧನ. ವಿಂಡೋಸ್‌ನಲ್ಲಿ ‘ಪಿಪ್ ಇನ್‌ಸ್ಟಾಲ್ ಜಿಡಾಲ್’ ಒತ್ತಿದವರಿಗೆ ಮುಂದಿನದು ಗೊತ್ತೇ ಇದೆ: ವಿಷುಯಲ್ ಸಿ ಪ್ಲಸ್ ಪ್ಲಸ್ 14 ಬೇಕೆಂಬ ಕೆಂಪು ಸಾಲು. ಅದನ್ನು ಹಾಕಿದರೂ ಮುಗಿಯದು. ಪಿಪ್ ಹುಡುಕುವ ಭಂಡಾರವಾದ ಪೈಪಿಐನಲ್ಲಿ ಜಿಡಾಲ್‌ಗೆ ಇರುವುದು ಬರೀ ಸೋರ್ಸ್ ಕೋಡ್. ಅದು ಕಂಪೈಲ್ ಆಗಲು ಮೂಲ ಲೈಬ್ರರಿ, ಹೆಡರ್ ಫೈಲುಗಳು ಮೊದಲೇ ಯಂತ್ರದಲ್ಲಿರಬೇಕು, ಆವೃತ್ತಿಯೂ ತಾಳೆಯಾಗಬೇಕು.

ಇದಕ್ಕೆ ಸದ್ಯ ನಂಬಬಹುದಾದ ಸಿದ್ಧ ದಾರಿ ಕೊಂಡಾ-ಫೋರ್ಜ್, ಅಂದರೆ ಕೊಂಡಾ ಎಂಬ ಪ್ಯಾಕೇಜ್ ಸಾಧನಕ್ಕಾಗಿ ಇರುವ ಭಂಡಾರ. ಸ್ವಯಂಸೇವಕರು 2015ರಿಂದ ನಡೆಸುತ್ತಿರುವ ಈ ಭಂಡಾರದಲ್ಲಿ ಜಿಡಾಲ್, ನಿರ್ದೇಶಾಂಕ ಬದಲಿಸುವ ಪ್ರೋಜ್, ಆಕಾರಗಳ ಲೆಕ್ಕ ಮಾಡುವ ಜಿಯೋಸ್ ಎಲ್ಲವೂ ಒಂದಕ್ಕೊಂದು ಹೊಂದುವಂತೆ ಕಟ್ಟಿ ಇಟ್ಟಿರುತ್ತಾರೆ. ಕೊಂಡಾ ಪಡೆಯಲು ಅನಕೊಂಡಾ ಬದಲು ಕೊಂಡಾ-ಫೋರ್ಜ್‌ನದೇ ಇನ್‌ಸ್ಟಾಲರ್ ಮಿನಿಫೋರ್ಜ್ ಹಾಕಿ: ಅನಕೊಂಡಾದ ಡೀಫಾಲ್ಟ್ಸ್ ಚಾನೆಲ್‌ಗೆ ದೊಡ್ಡ ಕಂಪನಿಗಳು ಪರವಾನಗಿ ಹಣ ಕಟ್ಟಬೇಕು, ಮಿನಿಫೋರ್ಜ್ ಆ ಕಡೆ ತಲೆಯೇ ಹಾಕುವುದಿಲ್ಲ. ಕೊಂಡಾದ ಕೆಲಸವನ್ನೇ ವೇಗವಾಗಿ ಮಾಡುವ ಮಾಂಬಾ ಕೂಡ ಜೊತೆಗೇ ಬರುತ್ತದೆ. ವಿಂಡೋಸ್ ಬಳಕೆದಾರರ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಸಿ ಡ್ರೈವ್‌ನಲ್ಲೇ ಬೇರೆ ಫೋಲ್ಡರ್ ಕೊಡಿ.

ಮೊದಲೇ ಬರುವ ‘ಬೇಸ್’ ಎನ್ವಿರಾನ್‌ಮೆಂಟಿಗೆ (ಪ್ಯಾಕೇಜುಗಳ ಪ್ರತ್ಯೇಕ ಕೋಣೆ) ಏನನ್ನೂ ತುಂಬಬೇಡಿ. ಹೊಸದೊಂದು ಮಾಡಿ, ಪೈಥಾನ್, ಜಿಡಾಲ್, ರಾಸ್ಟೆರಿಯೊ (ಚಿತ್ರರೂಪದ ನಕ್ಷೆಗೆ), ಜಿಯೋಪಾಂಡಾಸ್ (ನಕ್ಷೆಯ ಕೋಷ್ಟಕಕ್ಕೆ) ನಾಲ್ಕನ್ನೂ ಒಂದೇ ಆಜ್ಞೆಯಲ್ಲಿ ಕೇಳಿ. ಒಂದೊಂದಾಗಿ ಹಾಕಿದರೆ ಪ್ರತಿ ಸಲವೂ ಹಿಂದಿನವುಗಳ ಆವೃತ್ತಿ ಅಲುಗಾಡಬಹುದು.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಜಿಡಾಲ್ 3.9.1ರಿಂದ ಕೊಂಡಾ-ಫೋರ್ಜ್‌ನ ‘ಜಿಡಾಲ್’ ಪ್ಯಾಕೇಜ್ ಎಂದರೆ ಕೋರ್ ಲೈಬ್ರರಿ ಮತ್ತು ಪೈಥಾನ್ ಬೈಂಡಿಂಗ್ (ಪೈಥಾನ್‌ನಿಂದ ಅದನ್ನು ಕರೆಯುವ ಕೊಂಡಿ) ಮಾತ್ರ. ನೆಟ್‌ಸಿಡಿಎಫ್, ಎಚ್‌ಡಿಎಫ್5 ಮಾದರಿಯ ಫೈಲು ಓದಲು ‘ಲಿಬ್‌ಜಿಡಾಲ್’ ಕೂಡ ಕೇಳಬೇಕು. ಪಾರ್ಕೆ ಫೈಲು ಓದುವ ಭಾಗ ಅದರಲ್ಲೂ ಇಲ್ಲ. ‘ಲಿಬ್‌ಜಿಡಾಲ್-ಆರೋ-ಪಾರ್ಕೆ’ ಎಂದು ಹೆಸರು ಹಿಡಿದೇ ಕರೆಯಬೇಕು. ಎರರ್ ಬಂದಾಗ ಫೈಲು ಕೆಟ್ಟಿದೆ ಅಂದುಕೊಳ್ಳುವ ಮುಂಚೆ ‘ಜಿಡಾಲ್‌ಇನ್ಫೋ’ಗೆ ‘ಫಾರ್ಮಾಟ್ಸ್’ ಆಯ್ಕೆ ಕೊಟ್ಟು ಡ್ರೈವರ್ (ಒಂದೊಂದು ಬಗೆಯ ಫೈಲು ಓದುವ ಭಾಗ) ಪಟ್ಟಿ ನೋಡಿ.

ಇನ್ನೊಂದು ಕಾಟ ಪ್ರೋಜ್‌ನದು. ಅದೇ ಯಂತ್ರದಲ್ಲಿ ಪೋಸ್ಟ್‌ಜಿಐಎಸ್ (ನಕ್ಷೆಯ ಡೇಟಾಬೇಸ್) ಇದ್ದರೆ ಅದು ಸಿಸ್ಟಮ್ ಮಟ್ಟದಲ್ಲಿ ‘ಪ್ರೋಜ್ ಲಿಬ್’ ವೇರಿಯೇಬಲ್ ಬರೆದಿಟ್ಟಿರಬಹುದು. ನಿಮ್ಮ ಜಿಡಾಲ್ ಆಗ ಹಳೆಯ ಪ್ರೋಜ್ ಡೇಟಾಬೇಸ್ ತೆರೆದು, ಲೇಔಟ್ ಆವೃತ್ತಿ ಸಾಲದೆಂದು ಗೊಣಗುತ್ತದೆ. ಎನ್ವಿರಾನ್‌ಮೆಂಟನ್ನು ಆಕ್ಟಿವೇಟ್ ಮಾಡಿದರೆ ದಾರಿ ಸರಿಹೋಗುತ್ತದೆ. ಟಾಸ್ಕ್ ಶೆಡ್ಯೂಲರ್‌ನಿಂದ ಪೈಥಾನ್ ಫೈಲನ್ನೇ ನೇರ ಕರೆದರೆ ಮತ್ತದೇ ಗೋಳು. ‘ಕೊಂಡಾ ರನ್’ ಮೂಲಕ ಓಡಿಸಿ.

ಪಿಪ್ ಬೇಡ ಅಂದದ್ದು ಯಾಕೆಂದರೆ, ರಾಸ್ಟೆರಿಯೊದ ಪಿಪ್ ವೀಲ್ (ಕಂಪೈಲ್ ಮಾಡಿಟ್ಟ ಪ್ಯಾಕೇಜ್) ತನ್ನದೇ ಜಿಡಾಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತದೆ. ಒಂದೇ ಮನೆಯಲ್ಲಿ ಎರಡು ಜಿಡಾಲ್ ಸೇರಿದರೆ ‘ಡಿಎಲ್‌ಎಲ್ ಲೋಡ್ ಫೇಲ್ಡ್’ ಬರಬಹುದು, ಇಲ್ಲವೇ ಏನೂ ಹೇಳದೆ ಪೈಥಾನ್ ಮುಚ್ಚಿಕೊಳ್ಳಬಹುದು. ಎರಡನೆಯದೇ ಹೆಚ್ಚು ಸತಾಯಿಸುವುದು.

ಕೊಂಡಾ ಡಿಸ್ಕ್ ಮಾತ್ರ ಧಾರಾಳವಾಗಿ ತಿನ್ನುತ್ತದೆ. ಆಗಾಗ ‘ಕೊಂಡಾ ಕ್ಲೀನ್’ ಓಡಿಸಬೇಕು. ಬರೀ ಜಿಯೋಟಿಫ್ (ಸ್ಥಳದ ಮಾಹಿತಿ ಹೊತ್ತ ಚಿತ್ರ ಫೈಲು) ತೆರೆದು ಓದುವ ಕೆಲಸವಿದ್ದರೆ ಇಷ್ಟೆಲ್ಲ ಬೇಡ, ಪೈಥಾನ್‌ನದೇ ಪ್ರತ್ಯೇಕ ಎನ್ವಿರಾನ್‌ಮೆಂಟಾದ ಹೊಸ ವೆನ್ವ್‌ನಲ್ಲಿ ರಾಸ್ಟೆರಿಯೊದ ಪಿಪ್ ವೀಲ್ ಒಂದೇ ಸಾಕು. ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಜೊತೆಗೇ ಜಿಡಾಲ್ ಬೇಕಾದವರಿಗೆ ಓಎಸ್‌ಜಿಯೋ4ಡಬ್ಲ್ಯೂ ಎಂಬ ವಿಂಡೋಸ್ ಇನ್‌ಸ್ಟಾಲರ್ ವಾಸಿ.