ಹೊಲಿಗೆ ಮೆಷಿನ್ ಸೂಜಿ: ಒಂದೇ ನಂಬರ್, ಬೇರೆ ಬೇರೆ ಮೊನೆ, ಯಾವ ಬಟ್ಟೆಗೆ ಯಾವುದು?

ಸೂಜಿ ತಗೊಳ್ಳೋವಾಗ ತುಂಬಾ ಜನ ನಂಬರ್ ಮಾತ್ರ ನೋಡ್ತಾರೆ, 14 ಕೊಡಿ, 16 ಕೊಡಿ ಅಂತ. ಆ ನಂಬರ್ ದಪ್ಪ ಹೇಳುತ್ತೆ ಅಷ್ಟೇ, 90/14 (ಒಂದೇ ದಪ್ಪಕ್ಕೆ ಎರಡು ಪದ್ಧತಿಯ ನಂಬರ್) ಅಂದ್ರೆ 0.9 ಮಿ.ಮೀ. ಮೊನೆ ಹೇಗಿದೆ ಅನ್ನೋದು ಅದ್ರಲ್ಲಿ ಇರಲ್ಲ, ತಲೆನೋವು ಶುರುವಾಗೋದೇ ಅಲ್ಲಿ. ಅದಕ್ಕೇ ಅದೇ ಮೆಷಿನ್, ಅದೇ ದಾರ ಇಟ್ಕೊಂಡು ಸೂಜಿ ಮಾತ್ರ ಬದಲಾಯಿಸಿ ನೋಡ್ದೆ.

ಜಾಸ್ತಿ ವ್ಯತ್ಯಾಸ ಕಂಡಿದ್ದು ಟೀ ಶರ್ಟ್ ಬಟ್ಟೆ ಮೇಲೆ. 75/11 ಯೂನಿವರ್ಸಲ್, ಅಂದ್ರೆ ಎಲ್ಲದಕ್ಕೂ ಹಾಕೋ ಮಾಮೂಲಿ ಸೂಜಿ ಹಾಕಿ ಹೊಲಿದು, ಬಟ್ಟೆ ಸ್ವಲ್ಪ ಎಳೆದು ಬೆಳಕಿಗೆ ಹಿಡಿದ್ರೆ ಹೊಲಿಗೆ ಪಕ್ಕದಲ್ಲೇ ಸಣ್ಣ ಸಣ್ಣ ತೂತು, ಅಂದ್ರೆ ಸೂಜಿ ಹೆಣಿಗೆ ಎಳೆನೇ ಕತ್ತರಿಸಿದೆ. ಅದೇ ನಂಬರಿನ ಬಾಲ್ ಪಾಯಿಂಟಿಗೆ ಗುಂಡು ಮೊನೆ, ಎಳೆನ ಪಕ್ಕಕ್ಕೆ ಸರಿಸಿ ಇಳಿಯುತ್ತೆ, ತೂತಿಲ್ಲ. ಆದ್ರೆ ತುಂಬಾ ಹಿಗ್ಗೋ ಲೈಕ್ರಾ ಬಟ್ಟೆ ಇಟ್ಟ ತಕ್ಷಣ ಬಾಲ್ ಪಾಯಿಂಟೂ ಕೈಕೊಡ್ತು, ಅಲ್ಲಲ್ಲಿ ಹೊಲಿಗೆ ಬಿಡೋಕೆ ಶುರು. ಬಟ್ಟೆ ಸೂಜಿ ಜೊತೆನೇ ಮೇಲೆ ಎದ್ದು ಬರುತ್ತೆ, ಆಗ ಸೂಜಿ ಹಿಂದೆ ದಾರದ ಕುಣಿಕೆ ಸರಿಯಾಗಿ ಆಗಲ್ಲ, ಕೆಳಗಿನ ಹುಕ್ಕಿಗೆ ಹಿಡಿಯೋಕೆ ಏನೂ ಸಿಗಲ್ಲ. ಸ್ಟ್ರೆಚ್ ಸೂಜಿಲಿ ಕಣ್ಣಿನ ಹಿಂದಿನ ಹಳ್ಳ ಜಾಸ್ತಿ ಆಳ, ಹುಕ್ ಇನ್ನೂ ಹತ್ತಿರ ಬಂದು ದಾರ ಹಿಡ್ಕೊಳ್ಳುತ್ತೆ, ಅದನ್ನ ಹಾಕಿದ್ಮೇಲೆ ಒಂದು ಹೊಲಿಗೆನೂ ಬಿಡ್ಲಿಲ್ಲ. ಎರಡರಲ್ಲಿ ಒಂದೇ ತಗೋಬೇಕು ಅಂದ್ರೆ ನಾನು ಸ್ಟ್ರೆಚ್ಚೇ ತಗೊಳ್ಳೋದು, ಟೀ ಶರ್ಟಿಗೂ ಆಗುತ್ತೆ.

ಸಿಲ್ಕಿಗೆ 70/10 ಯೂನಿವರ್ಸಲ್ ಕೆಲಸ ಮಾಡುತ್ತೆ, ಆದ್ರೆ ಒತ್ತಾಗಿ ನೇಯ್ದಿರೋ ಬಟ್ಟೆಲಿ ಹೊಲಿಗೆ ಸಾಲು ಸ್ವಲ್ಪ ಸುಕ್ಕು. ಅದೇ ಸೈಜಿನ ಮೈಕ್ರೋಟೆಕ್ಸ್ ಸಣ್ಣ ಚೂಪು ಮೊನೆ, ಗೆರೆ ಎಳೆದ ಹಾಗೆ ನೇರ ಬಂತು. ಏನಪ್ಪಾ ಅಂದ್ರೆ ಆ ಮೊನೆ ಬೇಗ ಸವೆಯುತ್ತೆ, ಗುಂಡುಪಿನ್ನಿಗೆ ಒಂದು ಸಲ ತಗುಲಿದ್ರೂ ಮುಗೀತು, ಆಮೇಲೆ ಎಳೆ ಎಳೆಯುತ್ತೆ. ಶಿಫಾನಿಗೆ 60/8 ಸಾಕು, ಜೊತೆಗೆ ದಾರನೂ ಸಣ್ಣದೇ ಇರಬೇಕು, ಇಲ್ಲಾಂದ್ರೆ ಸಣ್ಣ ಕಣ್ಣಲ್ಲಿ ಉಜ್ಜಿ ಉಜ್ಜಿ ಕಿತ್ತುಹೋಗುತ್ತೆ.

ಮಾಮೂಲಿ ಕಾಟನ್ನಿಗೆ 80/12 ಯೂನಿವರ್ಸಲ್, ಅಲ್ಲಿ ಯೋಚನೆನೇ ಬೇಡ.

ಜೀನ್ಸಲ್ಲಿ ನನಗೆ ಆಶ್ಚರ್ಯ ಆಗಿದ್ದು, 100/16 ಯೂನಿವರ್ಸಲ್‌ಗಿಂತ 90/14 ಜೀನ್ಸ್ ಸೂಜಿನೇ ವಾಸಿ. ಪ್ಯಾಂಟಿನ ಮಡಿಕೆ ಮೇಲೆ ಮಡಿಕೆ ಸೇರೋ ಜಾಗದಲ್ಲಿ ದಪ್ಪ ಯೂನಿವರ್ಸಲ್ ಬಾಗಿ ಪ್ಲೇಟಿಗೆ ಟಕ್ ಅಂತ ಬಡೀತು, ಜೀನ್ಸ್ ಸೂಜಿ ಗಟ್ಟಿ, ಸುಮ್ನೆ ಇಳಿದು ಬಂತು. ದಪ್ಪ ದಾರದಲ್ಲಿ ಮೇಲ್ಹೊಲಿಗೆ ಬೇಕಿದ್ರೆ ಮಾತ್ರ ದೊಡ್ಡ ಕಣ್ಣಿರೋ ಟಾಪ್‌ಸ್ಟಿಚ್ ಸೂಜಿ ಹಾಕಿ.

ಲೆದರ್ ಸೂಜಿ ಅಸಲಿ ಚರ್ಮಕ್ಕೆ ಮಾತ್ರ, ಅದು ಕತ್ತರಿಸಿಕೊಂಡೇ ಒಳಗೆ ಹೋಗುತ್ತೆ, ಬಟ್ಟೆಗೆ ಹಾಕಿದ್ರೆ ಎಳೆ ಕಟ್.

ಇನ್ನೊಂದು, ಡಬ್ಬಿಯಿಂದ ಹೊರಗೆ ಬಂದ್ಮೇಲೆ ಬರಿಗಣ್ಣಿಗೆ ಎಲ್ಲಾ ಸೂಜಿನೂ ಒಂದೇ ಥರ. ಷ್ಮೆಟ್ಜ್ ಕಂಪನಿ ಸೂಜಿಲಿ ಮೇಲಿನ ದಪ್ಪ ಭಾಗದಲ್ಲಿ ಬಣ್ಣದ ಗೆರೆ ಇರುತ್ತೆ, ಹಳದಿ ಸ್ಟ್ರೆಚ್, ನೀಲಿ ಜೀನ್ಸ್, ನೇರಳೆ ಮೈಕ್ರೋಟೆಕ್ಸ್. ಗೆರೆ ಇಲ್ಲದ ಸೂಜಿ ಆದ್ರೆ ಅದರ ಡಬ್ಬಿ ಬಿಸಾಕಬೇಡಿ.